ಕವರ್ ಮೊದಲು, ಹಾಡು ಆಮೇಲೆ

ರೆಕಾರ್ಡಿಂಗ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ನನ್ನನ್ನು ಕಂಡರೆ ಮೊದಲು ಕೇಳುವುದು ಯಾವ ಮೈಕು ಒಳ್ಳೆಯದು ಎಂದು. ನನಗೇನು ಗೊತ್ತು? ಚಳ್ಳಕೆರೆಯಲ್ಲಿ ನಾನು ಕೆಲಸ ಮಾಡಿದಷ್ಟು ಕಾಲವೂ ನಮ್ಮ ಬಳಿ ಇದ್ದದ್ದು ಎರಡೇ ಮೈಕು. ಅದರಲ್ಲಿ ಒಂದು ಬೆಳಗಿನ ಹೊತ್ತು ಕೆಲಸ ಮಾಡುತ್ತಿರಲಿಲ್ಲ, ಯಾಕೆಂದು ಕೊನೆಯವರೆಗೂ ತಿಳಿಯಲಿಲ್ಲ. ಆದ್ದರಿಂದ ಮೈಕಿನ ವಿಷಯ ಬೇರೆ ಯಾರನ್ನಾದರೂ ಕೇಳಿ. ನಾನು ಹೇಳಬಲ್ಲದ್ದು ಇಷ್ಟೇ: ಕ್ಯಾಸೆಟ್ಟಿನ ಕವರಿನ ಮೇಲೆ ಯಾರ ಫೋಟೋ ಇದೆಯೋ ಅವರೇ ಒಳಗೆ ಹಾಡಿದ್ದಾರೆ, ಅವರೇ ಬಾರಿಸಿದ್ದಾರೆ ಎಂದು ಕಣ್ಣು ಮುಚ್ಚಿ ನಂಬಬೇಡಿ. ನಾನು ನಂಬಿಸುವವರ ಕಡೆ ಇದ್ದವನು.

ನನ್ನ ಹೆಸರು ರುದ್ರಮುನಿ. ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೊ ರಿಪೇರಿ ಮಾಡಿಕೊಂಡು ತಣ್ಣಗಿದ್ದೆ. ಎಣ್ಣೆ ಮಿಲ್ಲಿನ ಶಿವಲಿಂಗಪ್ಪ ಸಾಹುಕಾರರು ಒಮ್ಮೆ ಬೆಂಗಳೂರಿಗೆ ವ್ಯಾಪಾರಕ್ಕೆ ಹೋದವರು, ಅಲ್ಲಿ ಯಾರೋ ಭಕ್ತಿಗೀತೆ ಕ್ಯಾಸೆಟ್ ಮಾಡಿ ಮಹಡಿ ಮನೆ ಕಟ್ಟಿದ್ದನ್ನು ನೋಡಿಕೊಂಡು ಬಂದರು. ಬಂದವರೇ ಮಿಲ್ಲಿನ ಹಿಂದಿನ ಗೋಡೌನ್ ಖಾಲಿ ಮಾಡಿಸಿ, ಗೋಡೆಗೆಲ್ಲ ಕಂಬಳಿ ಹೊಡೆಸಿ, ನನ್ನನ್ನು ಕರೆಸಿದರು. "ರೇಡಿಯೊ ರಿಪೇರಿ ಮಾಡ್ತೀಯಲ್ಲ, ಒಳಗಿಂದ ಸದ್ದು ಬರೋ ಹಂಗೆ ಮಾಡ್ತೀಯ. ಇಲ್ಲಿ ಒಳಕ್ಕೆ ಸದ್ದು ಹೋಗೋ ಹಂಗೆ ಮಾಡು. ಎರಡೂ ಒಂದೇ ಕೆಲ್ಸ," ಎಂದರು. ನನ್ನ ತರಬೇತಿ ಅಲ್ಲಿಗೆ ಮುಗಿಯಿತು.

ಆ ಕೋಣೆಗೆ ಶೇಂಗಾ ಹಿಂಡಿಯ ವಾಸನೆ ಮತ್ತು ಕುರಿಯ ವಾಸನೆ ಎರಡೂ ಇದ್ದವು. ಹೊರಗಿನಿಂದ ಬಂದ ಗಾಯಕರು ಮೊದಲ ಅರ್ಧ ಗಂಟೆ ಸೀನುವುದರಲ್ಲೇ ಕಳೆಯುತ್ತಿದ್ದರು. ಮಿಲ್ಲು ಓಡುವಾಗ ಗದ್ದಲಕ್ಕೆ ರೆಕಾರ್ಡಿಂಗ್ ಆಗುತ್ತಿರಲಿಲ್ಲ. ಮಿಲ್ಲು ನಿಂತಿದೆ ಎಂದರೆ ಕರೆಂಟ್ ಹೋಗಿದೆ ಎಂದೇ ಅರ್ಥ, ಆಗಲೂ ರೆಕಾರ್ಡಿಂಗ್ ಇಲ್ಲ. ನಡುವೆ ಸಿಕ್ಕ ಸಂದಿಯಲ್ಲಿ ನಾವು ಕಲಾಸೇವೆ ಮಾಡಬೇಕಾಗಿತ್ತು.

ಯಂತ್ರದ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅದರ ಟೇಪಿನಲ್ಲಿ ಉದ್ದಕ್ಕೆ ನಾಲ್ಕು ಸಾಲು, ಅವಕ್ಕೆ ಟ್ರ್ಯಾಕ್ ಎನ್ನುತ್ತಿದ್ದೆವು. ಒಂದೊಂದರಲ್ಲಿ ಒಂದೊಂದು ವಾದ್ಯವನ್ನೋ ದನಿಯನ್ನೋ ಬೇರೆ ಬೇರೆ ಹೊತ್ತಿನಲ್ಲಿ ತುಂಬಿಕೊಳ್ಳಬಹುದು. ಮೊದಲು ತುಂಬಿದ್ದನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಮುಂದಿನವನು ಬಾರಿಸಬೇಕು. ನಾಲ್ಕೂ ತುಂಬಿದ ಮೇಲೆ ಐದನೆಯದು ಬೇಕೆಂದರೆ ಇದ್ದದ್ದರಲ್ಲಿ ಯಾವುದನ್ನಾದರೂ ಅಳಿಸಲೇಬೇಕು. ಅಳಿಸಿದ್ದು ತಿರುಗಿ ಬರುವುದಿಲ್ಲ. ಈಗಿನ ಕಂಪ್ಯೂಟರಿನಲ್ಲಿ ನೂರು ಟ್ರ್ಯಾಕ್ ಇಟ್ಟುಕೊಂಡು ಒಂದೂ ಹಾಡಿಲ್ಲದೆ ಕೂತಿರುವ ಹುಡುಗರಿಗೆ ಇದನ್ನು ಹೇಳಿದರೆ ಅಯ್ಯೋ ಪಾಪ ಎನ್ನುತ್ತಾರೆ. ಪಾಪ ಯಾರು ಎಂಬುದನ್ನು ಆಮೇಲೆ ನೋಡೋಣ.

ಸಾಹುಕಾರರಿಗೆ ಸಂಗೀತದ ಬಗ್ಗೆ ಒಂದೇ ಒಂದು ಸಿದ್ಧಾಂತವಿತ್ತು. "ಜನ ಕವರ್ ನೋಡಿ ತಗಂತಾರೆ ಕಣಯ್ಯ, ಹಾಡು ಮನೆಗೆ ಹೋದ್ಮೇಲೆ ಕೇಳ್ತಾರೆ." ಆದ್ದರಿಂದ ನಮ್ಮಲ್ಲಿ ಕವರ್ ಮೊದಲು ಅಚ್ಚಾಗುತ್ತಿತ್ತು. ದಾವಣಗೆರೆಯ ಪ್ರೆಸ್ಸಿನವನಿಗೆ ಕೆಲಸ ಕಡಿಮೆ ಇದ್ದಾಗ ಒಟ್ಟಿಗೆ ಹಾಕಿಸಿ, ಕಟ್ಟುಗಟ್ಟಲೆ ತಂದು, ಶೇಂಗಾ ಚೀಲದ ಮೇಲೆ ಪೇರಿಸುತ್ತಿದ್ದರು. ಒಳಗಿನ ಹಾಡನ್ನು ನಾವು ಕವರಿಗೆ ತಕ್ಕ ಹಾಗೆ ಹೊಂದಿಸಿಕೊಳ್ಳಬೇಕು. ಕವರಿನಲ್ಲಿ ಎಂಟು ಹಾಡು ಎಂದು ಅಚ್ಚಾಗಿದ್ದು ಭಜನೆಯವರು ಏಳೇ ತಂದಿದ್ದರೆ, ಒಂದನ್ನು ಎರಡು ಸಲ ಹಾಡಿಸುತ್ತಿದ್ದೆ. ಯಾವ ಭಕ್ತರೂ ತಕರಾರು ತೆಗೆಯಲಿಲ್ಲ.

ತಕರಾರು ಬಂದದ್ದು ಕಥೆ ಹೇಳುವ ಒಬ್ಬ ದಾಸಯ್ಯನಿಂದ. ಆತನಿಗೆ ಗಡಿಯಾರದ ಹಂಗಿರಲಿಲ್ಲ. ಒಬ್ಬ ರಾಜಕುಮಾರನ ಕಥೆ ಶುರು ಮಾಡಿದ. ಯಂತ್ರಕ್ಕೂ ಹಾಡುವವರಿಗೂ ನಡುವೆ ಒಂದು ಗಾಜು ಇತ್ತು, ನಾನು ಅದರ ಆಚೆಯಿಂದ ಕೈ ಮಾಡಿದೆ, ಮುಗಿಸು ಎಂದು. ಅವನು ನಾನು ತಲೆದೂಗುತ್ತಿದ್ದೇನೆ ಎಂದುಕೊಂಡು ಇನ್ನೂ ಎಳೆದ. ರಾಜಕುಮಾರ ಹುಲಿಯ ಬಾಯಲ್ಲಿ ಇರುವಾಗಲೇ ಟೇಪು ಮುಗಿಯಿತು. ಕವರ್ ಆಗಲೇ ಅಚ್ಚಾಗಿತ್ತು, ಒಂದೇ ಕ್ಯಾಸೆಟ್ ಎಂದು. "ಹಂಗೇ ಬಿಡು," ಎಂದರು ಸಾಹುಕಾರರು. ಸಂತೆಯ ದಿನ ಜನ ಮಿಲ್ಲಿನ ಗೇಟಿಗೇ ಬಂದು, "ಏನ್ರಿ, ಆ ಹುಡುಗ ಉಳ್ಕಂಡ್ನಾ ಇಲ್ವಾ?" ಎಂದು ಕೇಳುತ್ತಿದ್ದರು. ನಮ್ಮ ವಾಚ್‌ಮನ್ ಒಳ್ಳೆಯವನು, ಉಳಿದ, ಮದುವೆಯೂ ಆಯಿತು, ಎರಡು ಮಕ್ಕಳು ಎಂದು ಎಲ್ಲರಿಗೂ ಹೇಳಿ ಕಳಿಸುತ್ತಿದ್ದ.

ಇಂಥ ಸ್ಟುಡಿಯೊಕ್ಕೆ ತೊಂಬತ್ತರ ದಶಕದ ಕೊನೆಕೊನೆಗೆ ಒಂದು ರಾಕ್ ಬ್ಯಾಂಡ್ ಬಂತು. ಹೆಸರು ಸಿಡಿಲು. ಬ್ಯಾಂಡ್ ಎಂದರೆ ಊರವರಿಗೆ ಗೊತ್ತಿದ್ದದ್ದು ಮದುವೆ ಮೆರವಣಿಗೆಯ ಕೆಂಪು ಕೋಟಿನ ಬ್ಯಾಂಡ್ ಮಾತ್ರ. ಹಾಗಾಗಿ ಈ ಹುಡುಗರು ಉದ್ದ ಕೂದಲು ಬಿಟ್ಟುಕೊಂಡು ಓಡಾಡುವಾಗ ಹಿರಿಯರು ತಡೆದು, "ಮುಂದಿನ ತಿಂಗಳು ನಮ್ ಹುಡುಗಿ ಮದುವೆ ಐತೆ, ಬರ್ತೀರಾ? ಕ್ಷೌರ ಮಾಡಿಸ್ಕಂಡು ಬರ್ಬೇಕಪ್ಪ," ಎಂದು ಕೇಳುತ್ತಿದ್ದರು.

ನಾಲ್ವರು. ಗಿಟಾರಿನವನು ಮಂಜ, ಶೇಂಗಾ ಮಂಡಿಯವರ ಮಗ, ಸ್ವಲ್ಪ ಹೊಟ್ಟೆ ಇತ್ತು. ಕೀಬೋರ್ಡಿನವನು ಶಫಿ, ಬಳ್ಳಾರಿ ರಸ್ತೆಯಲ್ಲಿ ಪಂಕ್ಚರ್ ಅಂಗಡಿ. ಡ್ರಮ್ಮಿನವನು ಓಬಳೇಶ, ಬಿ.ಜಿ. ಕೆರೆಯ ಕುರಿ ಸಾಕುವವರ ಮನೆಯವನು, ಟೆಂಪೊ ಓಡಿಸುತ್ತಿದ್ದ. ಎತ್ತರದ ಆಳು, ಮೂಗು ಕಣ್ಣು ತಿದ್ದಿದ ಹಾಗೆ, ಆದರೆ ಬಾಯಿ ತೆರೆದು ಹಾಡಿದರೆ ಮಾತ್ರ ಎಲ್ಲರೂ ದೂರ ಸರಿಯುತ್ತಿದ್ದರು. ನಾಲ್ಕನೆಯವನು ಸುರೇಶ, ಗಾಯಕ.

ಸುರೇಶ ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರ ಮನೆಯ ಹುಡುಗ. ಮನೆಮಾತು ತೆಲುಗು, ಹಾಡು ಕನ್ನಡ. ಕುಳ್ಳ. ಬಸ್ಸಿನಲ್ಲಿ ನಿಂತರೆ ಮೇಲಿನ ಕಂಬಿ ಕೈಗೆ ಸಿಗುತ್ತಿರಲಿಲ್ಲ. ಆದರೆ ದನಿ ಎಂದರೆ ದನಿ. ನಾನು ಹೊಗಳುವ ಪೈಕಿ ಅಲ್ಲ, ನಮ್ಮ ಸ್ಟುಡಿಯೊಕ್ಕೆ ಬಂದು ಕೆಮ್ಮಿ ಹೋದ ವಿದ್ವಾಂಸರ ಬಗ್ಗೆ ನನಗಿರುವ ಅಭಿಪ್ರಾಯ ಊರಿಗೇ ಗೊತ್ತು. ಸುರೇಶ ಮೊದಲ ದಿನ ಮೈಕ್ ನೋಡಲಿಕ್ಕೆಂದು ಒಂದು ಸಾಲು ಹಾಡಿದಾಗ, ಪಕ್ಕದ ಹಿಂಡಿ ಗೋಡೌನಿನ ಹಮಾಲಿಗಳು ಚೀಲ ಇಳಿಸಿ ಬಾಗಿಲಿಗೆ ಬಂದು ನಿಂತರು. 

ಅವನಿಗೆ ಇದ್ದ ಆಸೆಯೂ ಅಷ್ಟೇ ನೇರವಾಗಿತ್ತು. ನೇಯುವ ಮನೆಗಳಲ್ಲಿ ಮಗ್ಗದ ಪಕ್ಕ ಒಂದು ಟೇಪ್ ರೆಕಾರ್ಡರ್ ಇದ್ದೇ ಇರುತ್ತದೆ, ದಿನವಿಡೀ ಹಾಡುತ್ತಿರುತ್ತದೆ. "ನಮ್ ಬೀದಿನಾಗೆ ಅಷ್ಟ್ ಮನೆ, ಅಷ್ಟ್ ಟೇಪು. ಅದರಾಗೆ ಒಂದ್ ದಿನ ನನ್ ದನಿ ಬರ್ಬೇಕು ರುದ್ರಣ್ಣ. ನಮ್ಮಪ್ಪ ನೇಯ್ತಾ ನೇಯ್ತಾ ಕೇಳ್ಬೇಕು. ಆಮೇಲೆ ನಾನು ಮಗ್ಗಕ್ಕೆ ಕೂತ್ರೂ ಬೇಜಾರಿಲ್ಲ," ಎಂದಿದ್ದ. ಅವರಪ್ಪ ಒಂದೇ ಒಂದು ಕ್ಯಾಸೆಟ್ಟಿಗೆ ಒಪ್ಪಿದ್ದರು. ಅದಾದ ಮೇಲೆ ಹಾಡು ಬಂದ್, ಮಗ್ಗ ಶುರು. ಅವನು ತಲೆಯಾಡಿಸಿ ಬಂದಿದ್ದ.

ಸರಿ, ಪದ್ಧತಿಯ ಪ್ರಕಾರ ಮೊದಲು ಕವರ್. ಪೇಟೆಯ ಫೋಟೋ ಸ್ಟುಡಿಯೊದವನು ನಾಲ್ವರನ್ನೂ ವಾದ್ಯಗಳ ಸಮೇತ ಕರೆಸಿಕೊಂಡ. ಅವನಿಗೆ ಮದುವೆ ಗುಂಪು ಫೋಟೋ ತೆಗೆದು ಅಭ್ಯಾಸ, ಎತ್ತರ ನೋಡಿ ನಿಲ್ಲಿಸುತ್ತಾನೆ. "ಕುಳ್ಳ ಮುಂದೆ ನಿಂತ್ರೆ ಫೋಟೋ ಆಗಲ್ಲ," ಎಂದು ಸುರೇಶನನ್ನು ಡ್ರಮ್ಮಿನ ಹಿಂದೆ ಕೂರಿಸಿದ. ಅಲ್ಲಿ ಅವನ ಕಣ್ಣು ಮತ್ತು ಕೂದಲು ಮಾತ್ರ ಕಾಣುತ್ತಿದ್ದವು. ಓಬಳೇಶನ ಮೂಗು ಕಣ್ಣು ನೋಡಿ ಕೈಗೆ ಮೈಕ್ ಕೊಟ್ಟು ನಡುವೆ ನಿಲ್ಲಿಸಿದ. ಮಂಜನ ಹೊಟ್ಟೆ ಮುಚ್ಚಲು ಅವನ ಮುಂದೆ ಕೀಬೋರ್ಡ್ ಇಟ್ಟ. ಉಳಿದ ಗಿಟಾರು ಶಫಿಯ ಕೊರಳಿಗೆ ಬಿತ್ತು. ಫೋಟೋ ತಾನೇ ಎಂದು ಹುಡುಗರು ಹಲ್ಲು ಕಿರಿದು ನಿಂತರು. ಪ್ರೆಸ್ಸಿನವನು ಫೋಟೋ ನೋಡಿದ, ಯಾರ ಕೈಯಲ್ಲಿ ಏನಿದೆಯೋ ಅದನ್ನೇ ಹೆಸರಿನ ಪಕ್ಕ ಅಚ್ಚು ಹಾಕಿದ. ಗಾಯನ: ಓಬಳೇಶ. ಡ್ರಮ್ಸ್: ಸುರೇಶ.

ಕಟ್ಟು ಬಿಚ್ಚಿದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಾಹುಕಾರರು ನಗಲಿಲ್ಲ. ಮತ್ತೆ ಅಚ್ಚು ಹಾಕಿಸುವ ಮಾತೇ ಇಲ್ಲ ಎಂದರು. ಹೋಗಲಿ, ಕವರ್ ಹೇಗಾದರೂ ಇರಲಿ, ಒಳಗೆ ಅವರವರ ವಾದ್ಯ ಅವರವರು ಬಾರಿಸುತ್ತಾರೆ, ಯಾರು ಕೇಳುತ್ತಾರೆ ಎಂದು ನಾನು ಅಂದುಕೊಂಡೆ. ಅಷ್ಟರಲ್ಲಿ ಓಬಳೇಶ ಒಂದು ಕವರ್ ಜೇಬಿಗಿಳಿಸಿ ಗೌರಸಮುದ್ರದ ಬಸ್ಸು ಹತ್ತಿದ್ದು ಯಾರ ಗಮನಕ್ಕೂ ಬರಲಿಲ್ಲ.

ಗೌರಸಮುದ್ರದಲ್ಲಿ ಇದ್ದದ್ದು ರತ್ನ. ಚಳ್ಳಕೆರೆಗೆ ಟೈಪಿಂಗ್ ಕಲಿಯಲು ಬರುತ್ತಿದ್ದ ಹುಡುಗಿ, ಓಬಳೇಶನ ಕಡೆಯ ಜನವೇ. ಇಬ್ಬರಿಗೂ ಒಪ್ಪಿಗೆ. ಒಪ್ಪದವರು ಅವಳ ಸೋದರಮಾವ ಹನುಮಂತಪ್ಪ. ಲಾರಿ ಮಾಲೀಕರು, ಮೀಸೆಯವರು. "ಹುಡುಗ ನಮ್ಮೋನೇ, ದುಡೀತಾನೆ, ಎಲ್ಲಾ ಸರಿ. ಆದ್ರೆ ಬಡಿಯೋ ಕೆಲ್ಸದೋನಿಗೆ ಹೆಣ್ಣು ಕೊಡಾಕಾಗಲ್ಲ," ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಚರ್ಮದ ಮೇಲೆ ಕೋಲು ಬಿದ್ದರೆ ಮನೆತನದ ಮಾನ ಹೋಗುತ್ತದೆ, ಗಂಟಲಿನಿಂದ ಬಂದರೆ ಹೋಗುವುದಿಲ್ಲ. ಈ ಲೆಕ್ಕ ಯಾವ ಪುಣ್ಯಾತ್ಮ ಹಾಕಿಕೊಟ್ಟನೋ, ನನಗಂತೂ ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ತಮಟೆಯಿಲ್ಲದೆ ಇವರ ಮನೆಯ ಒಂದು ಕಾರ್ಯ ನಡೆದದ್ದು ನಾನು ಕಂಡಿಲ್ಲ.

ಮರುದಿನ ಓಬಳೇಶ ಸ್ಟುಡಿಯೊಕ್ಕೆ ಬಂದ. ಕೈಯಲ್ಲಿ ಎಲೆ ಅಡಿಕೆ.

"ಒಪ್ಪಿದ್ರು," ಎಂದ. ಮುಖ ಮಾತ್ರ ಗೆದ್ದವನ ಮುಖವಾಗಿರಲಿಲ್ಲ. "ಕವರ್ ತೋರಿಸ್ದೆ. ಮಾವ ಓದಿದ್ರು. ಗಾಯನ ಅಂತ ಐತೆ, ಹಂಗಾರೆ ಅಡ್ಡಿಯಿಲ್ಲ ಅಂದ್ರು. ಕ್ಯಾಸೆಟ್ ಬಂದ್ ಮೇಲೆ ಊರಾಗೆಲ್ಲ ಹಾಕ್ಸಿ ಕೇಳಿಸ್ತೀನಿ ಅಂತ ಬೇರೆ ಅಂದ್ರು."

ಶಫಿ ಮೊದಲು ಬಾಯಿ ಬಿಟ್ಟ. "ಯಾ ಅಲ್ಲಾ. ಲೇ, ನಿನ್ ದನಿ ಅವ್ರಿಗೆ ಗೊತ್ತೈತಲ್ಲಲೇ. ಸುರೇಶ ಹಾಡಿದ್ರೆ ಸಿಕ್ಕಾಕ್ಕಂತೀಯ. ನೀನು ಹಾಡಿದ್ರೆ ನಾವೆಲ್ಲ ಸಾಯ್ತೀವಿ."

"ಗೊತ್ತು," ಎಂದ ಓಬಳೇಶ. ಸುರೇಶನ ಕಡೆ ತಿರುಗಿದ. "ಒರೇ ಸುರೇಶ, ನಾನು ಕೇಳ್ಬಾರದು. ನಿಂದು ಇದೊಂದೇ ಕ್ಯಾಸೆಟ್ ಅಂತ ಗೊತ್ತು. ಬೇಡ ಅಂದ್ರೆ ಬೇಡ. ಈಗ್ಲೇ ಹೋಗಿ ಎಲೆ ಅಡಿಕೆ ವಾಪಸ್ ಕೊಟ್ಟು ಬರ್ತೀನಿ."

ಸುರೇಶ ಚೀಲದ ಮೇಲಿಂದ ಒಂದು ಕವರ್ ಎತ್ತಿ ನೋಡಿದ. ಅದರಲ್ಲಿ ಅವನ ಕಣ್ಣು ಮಾತ್ರ ಇದ್ದವು. ನನಗೆ ಸಾಹುಕಾರರ ಮೇಲೆ, ಫೋಟೋದವನ ಮೇಲೆ, ಹನುಮಂತಪ್ಪನ ಮೀಸೆಯ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂದಿತ್ತು. ಬೇಡ ಅನ್ನು, ಬೇಡ ಅನ್ನು ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ.

"ಕಡ್ಡಿ ಕೊಡಲೇ," ಎಂದು ಸುರೇಶ ಕೈ ಚಾಚಿದ. "ಡ್ರಮ್ಮು ಹೆಂಗೆ ಬಡೀಬೇಕು ಹೇಳು."

ಒಬ್ಬ ಕದಲಿದ ಮೇಲೆ ಎಲ್ಲರೂ ಕದಲಬೇಕಾಯಿತು. ವಿಷಯ ತಿಳಿದ ಸಾಹುಕಾರರು, ಅಡ್ಡ ಬರುವುದಿರಲಿ, ಕುಣಿದಾಡಿದರು. "ಅದೇ ಸರಿ. ಫೋಟೋದಾಗೆ ಹೆಂಗೈತೋ ಹಂಗೇ ಎಲ್ಲರೂ ಬಾರಿಸ್ರಿ. ನಾಳೆ ಯಾರೂ ಕೇಳಂಗಿಲ್ಲ." ಹೀಗೆ ಸಿಡಿಲು ಬ್ಯಾಂಡಿನ ನಾಲ್ವರೂ ತಮಗೆ ಬಾರದ ವಾದ್ಯಗಳನ್ನು ಕಲಿಯಲು ಕೂತರು. ಪ್ರಪಂಚದಲ್ಲಿ ದೊಡ್ಡ ದೊಡ್ಡ ಬ್ಯಾಂಡಿನವರೂ ರೆಕಾರ್ಡಿಂಗಿನಲ್ಲಿ ವಾದ್ಯ ಅದಲು ಬದಲು ಮಾಡಿಕೊಳ್ಳುತ್ತಾರೆ ಎಂದು ಮಂಜ ಎಲ್ಲೋ ಓದಿದ್ದ. ಅವರಿಗೆ ಬರುತ್ತದೆ, ಮಾಡಿಕೊಳ್ಳುತ್ತಾರೆ.

ಆ ದಿನಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಯಾರ ವಾದ್ಯವೋ ಅವನೇ ಮೇಷ್ಟ್ರು. ಶಫಿ ಟೈರಿನ ಸೊಲ್ಯೂಷನ್ ಮೆತ್ತಿದ ಬೆರಳಲ್ಲಿ ಗಿಟಾರು ಮುಟ್ಟಿದಾಗಲೆಲ್ಲ ಮಂಜ ಕಣ್ಣು ಮುಚ್ಚಿಕೊಳ್ಳುತ್ತಿದ್ದ. "ತಂತಿ ಎಳೀಬ್ಯಾಡಲೇ, ಅದು ಟ್ಯೂಬಲ್ಲ." ಮಂಜನಿಗೋ ಕೀಬೋರ್ಡಿನಲ್ಲಿ ಒಂದೇ ಬೆರಳು ಓಡುತ್ತಿತ್ತು, ಮಂಡಿಯಲ್ಲಿ ಕ್ಯಾಲ್ಕುಲೇಟರ್ ಒತ್ತಿದ ಬೆರಳು. ಶಫಿ ಅವನ ತಲೆಗೆ ಮೊಟಕುತ್ತಿದ್ದ. ಸುರೇಶನ ಕಾಲು ಚೆನ್ನಾಗಿತ್ತು, ಮಗ್ಗ ತುಳಿದ ಕಾಲು, ಪೆಡಲು ತಾಳ ತಪ್ಪುತ್ತಿರಲಿಲ್ಲ. ಕೈ ಮಾತ್ರ ಲಾಳಿ ಆಚೆಯಿಂದ ಈಚೆಗೆ ಬರಲಿ ಎಂದು ಕಾಯುತ್ತಿತ್ತು. ಪ್ರತಿ ಏಟೂ ಒಂದು ಚೂರು ತಡ. ಅದನ್ನು ಸರಿಪಡಿಸಲು ಯಾರಿಂದಲೂ ಆಗಲಿಲ್ಲ.

ಎಲ್ಲಕ್ಕಿಂತ ಕಷ್ಟದ ಗಿರಾಕಿ ಓಬಳೇಶ. ಅವನ ಕೈ ಸುಮ್ಮನಿದ್ದರೆ ಬಾಯಿಯೂ ಸುಮ್ಮನಾಗುತ್ತಿತ್ತು. ಏನನ್ನಾದರೂ ಬಡಿಯುತ್ತಿದ್ದರೆ ಮಾತ್ರ ಶ್ರುತಿಯ ಹತ್ತಿರ ಸುಳಿಯುತ್ತಿದ್ದ. ತೊಡೆ ಬಡಿದುಕೊಂಡ, ಆ ಸದ್ದು ಮೈಕಿಗೆ ಬಂತು. ಶೇಂಗಾ ಹೊಟ್ಟಿನ ಚೀಲ ಕೊಟ್ಟೆ, ಅದು ಸರ ಸರ ಎಂದಿತು. ಕೊನೆಗೆ ಗೋಡೆಯ ಒಂದು ಕಂಬಳಿ ಇಳಿಸಿ, ಮಡಚಿ ಅವನ ತೊಡೆಯ ಮೇಲಿಟ್ಟೆ. ಕಂಬಳಿಯನ್ನು ಬಡಿಯುತ್ತಾ ಪ್ರೇಮಗೀತೆ ಹಾಡಿದ. ಪ್ರತಿ ಏಟಿಗೂ ಧೂಳು ಏಳುತ್ತಿತ್ತು, ಸಾಲು ಮುಗಿದ ಮೇಲೆ ಸೀನುತ್ತಿದ್ದ. ಗಂಡು ಕುಲಕ್ಕೇ ಹೆಣ್ಣು ಸಿಗುವುದು ಇಷ್ಟು ಕಷ್ಟವೇ ಎಂದು ನನಗೆ ಅವನ ಮೇಲೆ ಕನಿಕರ ಹುಟ್ಟಿತು.

ಅಷ್ಟಾದರೂ ಅವನು ದಾರಿ ತಪ್ಪುತ್ತಲೇ ಇದ್ದ. ಆಗ ನಾವು ಮಾಡಿದ್ದು ಎಲ್ಲ ಸ್ಟುಡಿಯೊದವರೂ ಮಾಡುವ ಕೆಲಸ. ಮೊದಲ ಎರಡು ಟ್ರ್ಯಾಕಿನಲ್ಲಿ ಡ್ರಮ್ಮು, ಗಿಟಾರು ತುಂಬಿದೆವು. ಮೂರನೆಯದರಲ್ಲಿ ಎಲ್ಲ ಹಾಡನ್ನೂ ಸುರೇಶನ ಕೈಲಿ ಹಾಡಿಸಿದೆ. ಇದಕ್ಕೆ ಗೈಡ್ ಟ್ರ್ಯಾಕ್ ಎನ್ನುತ್ತಾರೆ. ಹಾಡಬೇಕಾದವನು ಇದನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ, ಅದರ ಬೆನ್ನು ಹಿಡಿದು ಹಾಡಬೇಕು. ಕೆಲಸ ಮುಗಿದ ಮೇಲೆ ಗೈಡನ್ನು ಅಳಿಸಿ ಅದೇ ಜಾಗದಲ್ಲಿ ಬೇರೆ ವಾದ್ಯ ತುಂಬುವುದು. ನಮಗೆ ಮಂಜನ ಒಂದು ಬೆರಳಿನ ಕೀಬೋರ್ಡಿಗೆ ಅದೊಂದೇ ಜಾಗ ಉಳಿದಿತ್ತು.

ಸುರೇಶ ಗೈಡ್ ಹಾಡಿದ ದಿನ ಮಿಲ್ಲಿಗೆ ರಜೆ. ಅಳಿಸಿ ಹೋಗುವುದಕ್ಕೆ ಯಾರಾದರೂ ಹಾಗೆ ಹಾಡುತ್ತಾರೆಯೇ? ಅರ್ಧ ದನಿಯಲ್ಲಿ ಸ್ವರ ತೋರಿಸಿದರೆ ಸಾಕಿತ್ತು. ನಾನೇ ಹೇಳಿದೆ, "ಸುರೇಶ, ಮೆತ್ತಗೆ ಹಾಡಪ್ಪ, ಇದು ಉಳಿಯಲ್ಲ."

"ಉಳಿಯಲ್ಲ ಅಂತ ಗೊತ್ತೈತಲ್ಲ ರುದ್ರಣ್ಣ, ಅದಕ್ಕೇ ಸರಿಯಾಗಿ ಹಾಡ್ತೀನಿ," ಎಂದ. ಪೂರ್ತಿ ಹಾಡಿದ. ಬಾಗಿಲಲ್ಲಿ ನಿಂತು ಕೇಳಲು ಅವತ್ತು ಹಮಾಲಿಗಳೂ ಇರಲಿಲ್ಲ. ನಾನು, ನನ್ನ ಪಕ್ಕ ಉಳಿದ ಮೂವರು ಹುಡುಗರು, ಅಷ್ಟೇ.

ಆಮೇಲೆ ಓಬಳೇಶ ಹೆಡ್‌ಫೋನ್ ಹಾಕಿಕೊಂಡು ಕೂತ. ಜೋರು ಕೊಡಿ, ಇನ್ನೂ ಜೋರು ಕೊಡಿ ಎಂದ. ಕೊಟ್ಟೆ. ನಾಲ್ಕನೆಯ ಟ್ರ್ಯಾಕ್ ಮುಗಿಸುವಷ್ಟರಲ್ಲಿ ಕಂಬಳಿ ಹರಿದಿತ್ತು. ಮರುದಿನ ಸುರೇಶನ ದನಿಯ ಮೇಲೆ ಮಂಜನ ಕೀಬೋರ್ಡ್ ಕೂರಿಸಿದೆ. ಗುಂಡಿ ಒತ್ತುವ ಮುಂಚೆ ಆ ದನಿಯನ್ನು ಇನ್ನೊಂದು ಸಲ ಪೂರ್ತಿ ಕೇಳಿದೆ. ಯಂತ್ರಕ್ಕೆ ಅದೆಲ್ಲ ತಿಳಿಯುವುದಿಲ್ಲ, ಟೇಪು ತಿರುಗಿತು.

ನಾಲ್ಕೂ ಟ್ರ್ಯಾಕ್ ಸೇರಿಸಿ ಕೊನೆಯ ಕ್ಯಾಸೆಟ್ ಮಾಡಲು ಕೂತಾಗ ನನ್ನ ಕಿವಿ ನೆಟ್ಟಗಾಯಿತು. ಓಬಳೇಶ ಸಾಲಿನ ನಡುವೆ ಉಸಿರು ಎಳೆದುಕೊಳ್ಳುವ ಕಡೆಯಲ್ಲೆಲ್ಲ ಹಿಂದೆ ಇನ್ನೊಂದು ದನಿ. ಸಣ್ಣಗೆ, ದೂರದಲ್ಲಿ, ಶ್ರುತಿಯಲ್ಲಿ. ನಿಲ್ಲಿಸಿ ಮತ್ತೆ ಕೇಳಿದೆ. ಅನುಮಾನವೇ ಇಲ್ಲ. ಹೆಡ್‌ಫೋನ್ ಅಷ್ಟು ಜೋರಾಗಿ ಇಟ್ಟಿದ್ದರಿಂದ ಸುರೇಶನ ಗೈಡ್ ಓಬಳೇಶನ ಕಿವಿಯಿಂದ ಹೊರಗೆ ಸೋರಿ, ಎದುರಿನ ಮೈಕಿಗೆ ಬಿದ್ದಿತ್ತು. ಗೈಡ್ ಟ್ರ್ಯಾಕ್ ಹೋಗಿದೆ, ಸೋರಿದ್ದು ಓಬಳೇಶನ ದನಿಯ ಜೊತೆ ಅಂಟಿಕೊಂಡು ಉಳಿದಿದೆ. ಒಂದನ್ನು ತೆಗೆದರೆ ಇನ್ನೊಂದೂ ಹೋಗುತ್ತದೆ.

ನಾಲ್ವರನ್ನೂ ಕರೆಸಿ ಕೇಳಿಸಿದೆ. ಮೊದಲು ಗಾಬರಿಯಾದವನು ಸುರೇಶ.

"ಇದನ್ನ ತೆಗೀರಿ ರುದ್ರಣ್ಣ. ಅವ್ರ ಮಾವ ಕೇಳಿದ್ರೆ ಮುಗೀತು. ಇವನು ಇನ್ನೊಂದ್ ಸಲ ಹಾಡ್ಲಿ, ಹೆಡ್‌ಫೋನಿನಾಗೆ ಈಗ ನನ್ ದನಿ ಹೆಂಗೂ ಇಲ್ಲ."

"ಹಾಡಿಸಬಹುದು," ಎಂದೆ. "ಆದ್ರೆ ಒಂದು ಮಾತು ಹೇಳ್ಬಿಡ್ತೀನಿ. ಗೈಡ್ ಅಳಿಸಾಗೈತೆ. ಸುರೇಶನ ದನಿ ಅಂತ ಈಗ ಉಳಿದಿರೋದು ಇದಿಷ್ಟೇ. ಇವನು ಮತ್ತೆ ಹಾಡಿದ್ರೆ ಅದೂ ಇಲ್ಲ."

ಓಬಳೇಶ ಎದ್ದು ಹೋಗಿ ಬಾಗಿಲ ಹತ್ತಿರ ನಿಂತ. ಒಂದು ಕವರ್ ಕೈಗೆತ್ತಿಕೊಂಡ, ಕೆಳಗಿಟ್ಟ. ಅವನ ಮದುವೆ ಆ ಉಸಿರಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಗೌರಸಮುದ್ರದಲ್ಲಿ ನಾಲ್ಕು ಜನ ಕೂತು ಕೇಳುವಾಗ ಒಬ್ಬ, ಹಿಂದೆ ಹಾಡೋನು ಯಾರು ಎಂದರೆ ಸಾಕು.

"ನಾನು ಇನ್ನೊಂದ್ ಸಲ ಹಾಡಲ್ಲ," ಎಂದ.

"ಲೇ, ತಲೆ ಕೆಟ್ಟೈತೇನಲೇ?" ಎಂದ ಸುರೇಶ. "ರತ್ನ ಕೈ ತಪ್ಪಿ ಹೋಗ್ತಾಳೆ."

"ಹೋದ್ರೆ ಹೋಗ್ಲಿ ಅನ್ನಾಕೆ ನಂಗೂ ಆಗಲ್ಲ ಕಣಲೇ. ಅಳು ಬರ್ತೈತೆ. ಆದ್ರೆ ನಾನು ಹಾಡಲ್ಲ. ನೀನು ಜಾಸ್ತಿ ಮಾತಾಡಿದ್ರೆ ನಿನ್ನ ಹಲ್ಲು ಉದುರಿಸ್ತೀನಿ." ಇಷ್ಟು ಹೇಳಿ ಟೆಂಪೊ ಹತ್ತಿ ಹೋಗಿಬಿಟ್ಟ. ಸುರೇಶ ಅಲ್ಲೇ ಕೂತು ತಲೆ ತಗ್ಗಿಸಿ ಅತ್ತ. ಶಫಿ ಅವನ ಬೆನ್ನು ಸವರಿದ. ಮಂಜ ಬನ್ನು ತರುತ್ತೇನೆ ಎಂದು ಹೊರಗೆ ಹೋದವನು ತನಗೊಂದೇ ತಿಂದುಕೊಂಡು ಬಂದ.

ಸಾಹುಕಾರರಿಗೂ ಆ ಹಿಂದಿನ ದನಿ ಕೇಳಿಸಿತು. "ಏನಯ್ಯ ಅದು?" ಎಂದರು. ಎಕೋ ಎಂದೆ. ಎಕೋ ಹಾಕಿದರೆ ಜಾಸ್ತಿ ಖರ್ಚಾಗುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. "ಹಂಗಾರೆ ಚಲೋ ಆತು," ಎಂದು ಬೆನ್ನು ತಟ್ಟಿದರು. ಅವರಿಂದ ನನಗೆ ಸಿಕ್ಕ ಬಹುಮಾನ ಅದೊಂದೇ.

ಕ್ಯಾಸೆಟ್ ಗೌರಸಮುದ್ರಕ್ಕೆ ಹೋಯಿತು. ಸ್ವಲ್ಪ ದಿನಕ್ಕೆ ಹನುಮಂತಪ್ಪ ಲಾರಿಯಲ್ಲೇ ಮಿಲ್ಲಿಗೆ ಬಂದರು. ಅವತ್ತು ನಾಲ್ವರೂ ಸ್ಟುಡಿಯೊದಲ್ಲಿದ್ದರು. ಬಂದವರು ಕುರ್ಚಿ ಎಳೆದು ಕೂತು, ನೀರು ಕುಡಿದು, ಮೀಸೆ ಒರೆಸಿಕೊಂಡರು. ಓಬಳೇಶ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟು ಎದ್ದು ನಿಂತ.

"ಕ್ಯಾಸೆಟ್ ಪೂರ್ತಿ ಕೇಳಿದ್ವಿ," ಎಂದರು. "ಮನೆ ಮಂದಿಯೆಲ್ಲ ಕೂತು ಕೇಳಿದ್ವಿ. ನಮ್ಮವ್ವ ಮಧ್ಯಕ್ಕೆ ಎದ್ದು ಹೋದ್ಲು."

"ಮಾವ," ಎಂದ ಓಬಳೇಶ.

"ಇರಪ್ಪ, ನಾನು ಮಾತಾಡ್ತಾ ಇದೀನಿ. ನೀನು ಉಸಿರು ತಗಂಬೇಕಾರೆ ಹಿಂದೆ ಒಬ್ಬ ಹಾಡ್ತಾನಲ್ಲ, ಅವನು ಯಾರು?"

ಓಬಳೇಶ ಸುಳ್ಳು ಹೇಳಬಹುದಿತ್ತು. ಎಕೋ ಎನ್ನಬಹುದಿತ್ತು, ನಾನು ಸಾಹುಕಾರರಿಗೆ ಹೇಳಿ ದಕ್ಕಿಸಿಕೊಂಡಿದ್ದೆ. ಅವನು ಕೈ ಮಾಡಿ ಸುರೇಶನನ್ನು ತೋರಿಸಿದ. "ಇವನು. ಹಾಡೋನು ಇವನೇ ಮಾವ. ನಾನು ಬಡಿಯೋನು. ಕವರ್ ತಪ್ಪಾಗಿ ಅಚ್ಚಾಗೈತೆ, ನಾನು ಅದನ್ನೇ ತಂದು ನಿಮಗೆ ತೋರಿಸಿದೆ."

ಹನುಮಂತಪ್ಪ ಸುರೇಶನನ್ನು ಮೇಲಿಂದ ಕೆಳಗೆ ನೋಡಿದರು. ಬಹಳ ಹೊತ್ತು ಹಿಡಿಯಲಿಲ್ಲ, ಅವನು ಇದ್ದದ್ದೇ ಅಷ್ಟು. ಆಮೇಲೆ ಓಬಳೇಶನಿಗೆ ಹೇಳಿದರು: "ನೀನು ಬಡಿಯೋದೇ ವಾಸಿ ಕಣಪ್ಪ. ಇನ್ನೊಂದ್ ಸಲ ಹಾಡ್ತೀನಿ ಅಂದ್ರೆ ಹೆಣ್ಣು ಕೊಡಲ್ಲ."

ಶಫಿ ಮೊದಲು ನಕ್ಕ. ಆಮೇಲೆ ಹನುಮಂತಪ್ಪ ತಾವೇ ನಕ್ಕರು, ಮೀಸೆಯ ಗಾಂಭೀರ್ಯವೆಲ್ಲ ಹೋಯಿತು. ಹೋಗುವಾಗ ಸುರೇಶನ ಹೆಗಲ ಮೇಲೆ ಕೈಯಿಟ್ಟು, "ಮದುವೆಗೆ ಬಂದು ಹಾಡಪ್ಪ," ಎಂದರು. ಅವನು ಹೋಗಿ ಹಾಡಿದ. ಬಾಸಿಂಗ ಕಟ್ಟಿಕೊಂಡ ಮದುಮಗ ಡ್ರಮ್ಮಿನ ಮುಂದೆ ಕೂತು ಬಡಿದ, ರತ್ನ ನಕ್ಕು ನಕ್ಕು ಅರಿಶಿನವೆಲ್ಲ ಕಣ್ಣಿಗೆ ಹೋಯಿತು. ಹಾಳಾದ್ದು, ಅದನ್ನು ರೆಕಾರ್ಡ್ ಮಾಡಲು ನಮ್ಮ ಯಂತ್ರ ಗೋಡೌನಿನಿಂದ ಹೊರಗೆ ಬರುವಂಥದ್ದಾಗಿರಲಿಲ್ಲ.

ಕ್ಯಾಸೆಟ್ ಮಾರಾಟವಾಗಲಿಲ್ಲ. ಆಗಬಾರದಿತ್ತು ಕೂಡ. ಸುರೇಶ ಅಪ್ಪನಿಗೆ ಕೊಟ್ಟ ಮಾತಿನಂತೆ ಮಗ್ಗಕ್ಕೆ ಕೂತ. ಸಿ.ಡಿ. ಬಂತು, ಕಂಪ್ಯೂಟರ್ ಬಂತು, ಸಾಹುಕಾರರು ಸ್ಟುಡಿಯೊವನ್ನು ತಿರುಗಿ ಗೋಡೌನ್ ಮಾಡಿ ನೆಮ್ಮದಿಯಾದರು. ನಾನು ಇನ್ನೊಬ್ಬರ ಅಂಗಡಿಯಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸ ಹಿಡಿದೆ. ಈಗ ಒಬ್ಬನು ಒಂದು ಊರಲ್ಲಿ ಹಾಡುತ್ತಾನೆ, ಇನ್ನೊಬ್ಬ ಇನ್ನೊಂದು ಊರಲ್ಲಿ ಬಾರಿಸುತ್ತಾನೆ, ಇಬ್ಬರೂ ಒಬ್ಬರನ್ನೊಬ್ಬರು ನೋಡಿರುವುದಿಲ್ಲ. ಶ್ರುತಿ ತಪ್ಪಿದರೆ ಯಂತ್ರವೇ ಸರಿಮಾಡುತ್ತದೆ. ಸೋರಿದ ಸದ್ದನ್ನು ಒರೆಸಿ ಹಾಕಲು ಒಂದು ಗುಂಡಿ ಇದೆ. ಹುಡುಗರೇ, ಆ ಗುಂಡಿ ಒತ್ತುವ ಮುಂಚೆ ಸೋರಿದ್ದು ಏನು ಎಂದು ಒಂದು ಸಲ ಕಿವಿಗೊಟ್ಟು ಕೇಳಿ. ಇಷ್ಟು ಬಿಟ್ಟು ಬೇರೆ ಯಾವ ಬುದ್ಧಿಮಾತೂ ನನ್ನ ಹತ್ತಿರ ಇಲ್ಲ.

ನಾನು ಕೆಲಸ ಬಿಡುವ ವರ್ಷ ಸುರೇಶ ಆ ಅಂಗಡಿಗೆ ಬಂದ. ಜೊತೆಯಲ್ಲಿ ಮಗಳು ಪದ್ಮ, ಮೂರನೆಯದೋ ನಾಲ್ಕನೆಯದೋ ಕ್ಲಾಸು. ಶಾಲೆಯಲ್ಲಿ ಯಾರೋ ಮೇಷ್ಟ್ರು, ನಿಮ್ಮಪ್ಪ ಹಾಡುತ್ತಿದ್ದರು ಎಂದಿದ್ದರಂತೆ. ಮನೆಗೆ ಬಂದು ಕ್ಯಾಸೆಟ್ ಹಾಕಿ ಕೇಳಿದ್ದಾಳೆ. ಇದರಲ್ಲಿ ನೀನೆಲ್ಲಿದ್ದೀಯಾ, ಸುಳ್ಳು ಎಂದು ಜಗಳ ತೆಗೆದಿದ್ದಾಳೆ.

"ಕ್ಯಾಸೆಟ್ ಸವೆದೈತೆ, ಮನೆ ಟೇಪಿನಾಗೆ ಈಗ ಕೇಳ್ಸಲ್ಲ ರುದ್ರಣ್ಣ. ನಿಮ್ ಹತ್ರ ಏನಾದ್ರೂ ಆಗ್ತೈತಾ ನೋಡ್ರಿ," ಎಂದ.

ಕಂಪ್ಯೂಟರಿಗೆ ತುಂಬಿ, ಓಬಳೇಶ ಉಸಿರು ಎಳೆಯುವ ಜಾಗಗಳನ್ನು ಹುಡುಕಿ, ಅಲ್ಲಿ ಸದ್ದು ಏರಿಸಿದೆ. ಹುಡುಗಿಯ ಕಿವಿಗೆ ಹೆಡ್‌ಫೋನ್ ಹಾಕಿದೆ. ಅವಳಿಗೆ ಅದು ದೊಡ್ಡದಾಯಿತು, ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಳು. ಮೊದಲು ಮುಖ ಗಂಟಿಕ್ಕಿಕೊಂಡಳು. ಆಮೇಲೆ ಗಂಟು ಬಿಚ್ಚಿತು.

"ನಾನ್ನ," ಎಂದಳು, ಅವರ ಮನೆಯಲ್ಲಿ ಅಪ್ಪನನ್ನು ಕರೆಯುವುದು ಹಾಗೆ. "ನೀನ್ಯಾಕೆ ಅಷ್ಟು ದೂರ ನಿಂತ್ಕಂಡಿದೀಯಾ?"

"ಮುಂದೆ ನಿಂತೋನಿಗೆ ಮದುವೆ ಆಗ್ಬೇಕಿತ್ತು ಮಗಳೇ, ಅದಕ್ಕೆ," ಎಂದ ಸುರೇಶ.

ನಾನು ಇನ್ನೊಮ್ಮೆ ಮೊದಲಿಂದ ಹಾಕಿದೆ. ಸುರೇಶ ಅವಳ ಹೆಡ್‌ಫೋನಿಗೆ ಕಿವಿ ತಾಗಿಸಿ ಬಗ್ಗಿದ. ಎಷ್ಟೋ ವರ್ಷಗಳ ಮೇಲೆ ಅವನಿಗೆ ಸಾಲು ನೆನಪಾಗಿ, ಟೇಪಿನ ಜೊತೆಗೆ ಮೆಲ್ಲಗೆ ಹಾಡತೊಡಗಿದ. ಪದ್ಮ ಕಣ್ಣು ಮುಚ್ಚಿಕೊಂಡೇ ಕೈ ಚಾಚಿ ಅವನ ಬಾಯಿ ಮುಚ್ಚಿದಳು.

"ಸುಮ್ನಿರು ನಾನ್ನ. ನೀನು ಹಾಡೋದು ಕೇಳ್ಸಲ್ಲ."